ಕೆಂಪು ಮಣಿಗಳಿಗೆ ಯಾರು ಹೊಣೆ? ಎಡ್ವರ್ಡ್ಸ್ ಡೆಮಿಂಗ್ ಬದುಕು

ಬೈದರೆ ಕೆಲಸ ಸರಿಹೋಗುತ್ತದೆ, ಹೊಗಳಿದರೆ ತಲೆಗೇರಿ ಕೆಡುತ್ತದೆ. ಈ ನಂಬಿಕೆ ನಮ್ಮ ಮನೆ, ಶಾಲೆ, ಕಚೇರಿ ಎಲ್ಲ ಕಡೆ ಇದೆ. ಅನುಭವವೂ ಹಾಗೇ ಹೇಳುವಂತೆ ಕಾಣುತ್ತದೆ. ಕಳೆದ ತಿಂಗಳು ತೀರಾ ಕಡಿಮೆ ಕೆಲಸ ಮಾಡಿದವನನ್ನು ಗದರಿಸಿದೆವು, ಈ ತಿಂಗಳು ಅವನ ಲೆಕ್ಕ ಏರಿತು. ಎಲ್ಲರಿಗಿಂತ ಹೆಚ್ಚು ಮಾಡಿದವಳಿಗೆ ಬಹುಮಾನ ಕೊಟ್ಟೆವು, ಈ ತಿಂಗಳು ಅವಳ ಲೆಕ್ಕ ಇಳಿಯಿತು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ಈ ಸಾಕ್ಷಿ ಎಷ್ಟು ಟೊಳ್ಳು ಎಂದು ತೋರಿಸಲು ಎಂಬತ್ತು ದಾಟಿದ ಒಬ್ಬ ಅಮೆರಿಕನ್ ಸಂಖ್ಯಾಶಾಸ್ತ್ರಜ್ಞರು ದೊಡ್ಡ ದೊಡ್ಡ ಕಂಪನಿಗಳ ಅಧಿಕಾರಿಗಳನ್ನು ಕೂರಿಸಿಕೊಂಡು ಮಣಿಗಳ ಆಟ ಆಡಿಸುತ್ತಿದ್ದರು. ಅವರ ಹೆಸರು ವಿಲಿಯಂ ಎಡ್ವರ್ಡ್ಸ್ ಡೆಮಿಂಗ್. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವವರು ಈ ಹೆಸರನ್ನು ಪಿಡಿಸಿಎ ಎಂಬ ನಾಲ್ಕು ಅಕ್ಷರಗಳ ಜೊತೆ ತರಬೇತಿ ಸ್ಲೈಡಿನಲ್ಲಿ ನೋಡಿರುತ್ತೀರಿ. ಆ ಸ್ಲೈಡೇ ಅರ್ಧ ತಪ್ಪು ಎನ್ನುವುದಕ್ಕೆ ಆಮೇಲೆ ಬರೋಣ. ಮೊದಲು ಮಣಿಗಳ ಆಟ ನೋಡೋಣ.

ಒಂದು ಡಬ್ಬಿಯಲ್ಲಿ 4,000 ಮಣಿಗಳು. ಅದರಲ್ಲಿ 3,200 ಬಿಳಿ, 800 ಕೆಂಪು. ಜೊತೆಗೆ 50 ಗುಳಿಗಳಿರುವ ಒಂದು ಹಲಗೆ. ಸಭಿಕರಲ್ಲಿ ಆರು ಮಂದಿಯನ್ನು ಕೆಲಸಗಾರರೆಂದು ವೇದಿಕೆಗೆ ಕರೆಯುತ್ತಾರೆ. ಹಲಗೆಯನ್ನು ಡಬ್ಬಿಯಲ್ಲಿ ಅದ್ದಿ ಎತ್ತಬೇಕು, ಅಷ್ಟೇ ಕೆಲಸ. 50 ಗುಳಿಗಳಲ್ಲಿ 50 ಮಣಿಗಳು ಬರುತ್ತವೆ. ಗಿರಾಕಿಗೆ ಬಿಳಿ ಮಾತ್ರ ಬೇಕು, ಕೆಂಪು ಎಂದರೆ ದೋಷ. ಪರೀಕ್ಷಕರು ಕೆಂಪು ಮಣಿ ಎಣಿಸುತ್ತಾರೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ಮೇಸ್ತ್ರಿಯ ಪಾತ್ರ ಡೆಮಿಂಗ್ ಅವರದೇ. ಕಡಿಮೆ ಕೆಂಪು ತಂದವರನ್ನು ಎಲ್ಲರೆದುರು ಹೊಗಳುತ್ತಾರೆ, ಹೆಚ್ಚು ತಂದವರನ್ನು ಗದರುತ್ತಾರೆ. ಗುರಿ ಕೊಡುತ್ತಾರೆ, ಘೋಷಣೆ ಅಂಟಿಸುತ್ತಾರೆ. ಮೂರು ‘ದಿನ’ ಕಳೆದ ಮೇಲೆ ಕೆಳಗಿನ ಮೂವರನ್ನು ಕೆಲಸದಿಂದ ತೆಗೆದು, ಉತ್ತಮರೆನಿಸಿದ ಮೂವರಿಗೆ ದುಪ್ಪಟ್ಟು ಪಾಳಿ ಕೊಡುತ್ತಾರೆ. ಫಲಿತಾಂಶ ಮೊದಲಿನಂತೆಯೇ ಇರುತ್ತದೆ. ಕೊನೆಗೆ ಕಂಪನಿ ಮುಚ್ಚುತ್ತದೆ.

ಲೆಕ್ಕ ಸರಳ. ಐದರಲ್ಲಿ ಒಂದು ಮಣಿ ಕೆಂಪಾದ್ದರಿಂದ ಒಂದು ಸಲಕ್ಕೆ ಸುಮಾರು 10 ಕೆಂಪು ಬರುತ್ತವೆ. ಒಬ್ಬರಿಗೆ 5, ಇನ್ನೊಬ್ಬರಿಗೆ 15 ಬರುವುದೂ ಮಾಮೂಲು. ಅದರಲ್ಲಿ ಕೈಚಳಕವೂ ಇಲ್ಲ, ಸೋಮಾರಿತನವೂ ಇಲ್ಲ. 15 ತಂದವರು ಮುಂದಿನ ಸಲ 15ಕ್ಕಿಂತ ಕಡಿಮೆ ತರುವ ಸಾಧ್ಯತೆ ನೂರಕ್ಕೆ 90ಕ್ಕೂ ಹೆಚ್ಚು. ಬೈದರೂ ಅಷ್ಟೇ, ಬೈಯದಿದ್ದರೂ ಅಷ್ಟೇ. ಬೈದವರು ಮಾತ್ರ ತಮ್ಮ ಬೈಗುಳ ಫಲ ಕೊಟ್ಟಿತೆಂದು ಮನೆಗೆ ಹೋಗುತ್ತಾರೆ. ತೀರಾ ಮೇಲೆ ಅಥವಾ ತೀರಾ ಕೆಳಗೆ ಇದ್ದ ಸಂಖ್ಯೆ ಮುಂದಿನ ಸಲ ಸರಾಸರಿಯ ಕಡೆಗೆ ವಾಲುವುದು ಆಕಸ್ಮಿಕದ ಸಹಜ ಗುಣ.

ಆಟವೆಂದು ನಗಬಹುದು. ಆದರೆ ನಿಜವಾದ ಕಚೇರಿಗಳಲ್ಲಿ ಇದೇ ಲೆಕ್ಕದ ಮೇಲೆ ಜನರ ಸಂಬಳ ನಿಂತಿರುತ್ತದೆ, ಕೆಲಸವೂ ಹೋಗುತ್ತದೆ. ಡೆಮಿಂಗ್ ಅವರನ್ನು ಕಾಡಿದ್ದು ಅದು.

ವಯೋಮಿಂಗ್‌ನ ಹುಡುಗ

ಡೆಮಿಂಗ್ ಹುಟ್ಟಿದ್ದು 1900ರ ಅಕ್ಟೋಬರ್ 14ರಂದು, ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ. ಹುಡುಗ ಚಿಕ್ಕವನಿದ್ದಾಗಲೇ ಕುಟುಂಬ ಪಶ್ಚಿಮಕ್ಕೆ, ವಯೋಮಿಂಗ್‌ನ ಪಾವೆಲ್ ಎಂಬ ಹೊಸ ಊರಿಗೆ ಹೋಯಿತು. ಸರ್ಕಾರ ನೀರಾವರಿ ತಂದು ಜನರನ್ನು ನೆಲೆಗೊಳಿಸುತ್ತಿದ್ದ ಒಣ ಭೂಮಿ ಅದು. ಸಿಕ್ಕ 40 ಎಕರೆ ಫಲವತ್ತಾಗಿರಲಿಲ್ಲ. ಟಾರು ಕಾಗದ ಹೊದಿಸಿದ ಗುಡಿಸಲಿನಂಥ ಮನೆಯಲ್ಲಿ ಚಳಿಗಾಲಗಳನ್ನು ಕಳೆದರು. ತಾಯಿ ಸಂಗೀತ ಕಲಿಸುತ್ತಿದ್ದರು. ಹುಡುಗ ಶಾಲೆಯ ಆಚೀಚೆ ಹೋಟೆಲಿನಲ್ಲಿ ಕೆಲಸ ಮಾಡಿದ, ಊರಿನ ಬೀದಿದೀಪ ಹಚ್ಚಿದ. ಯಾವುದನ್ನೂ ಪೋಲು ಮಾಡಬಾರದೆಂಬ ಅಭ್ಯಾಸ ಅಲ್ಲಿಂದ ಬಂದದ್ದು ಕೊನೆಯವರೆಗೂ ಬಿಡಲಿಲ್ಲ. ಮುಪ್ಪಿನಲ್ಲೂ ಅವರು ಫ್ರಿಜ್‌ನಲ್ಲಿಡುವ ಮೊಟ್ಟೆಗಳ ಮೇಲೆ ದಿನಾಂಕ ಬರೆದಿಡುತ್ತಿದ್ದರಂತೆ, ಹಳೆಯದು ಮೊದಲು ಖರ್ಚಾಗಲಿ ಎಂದು.

1921ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಆಮೇಲೆ ಕೊಲರಾಡೊದಲ್ಲಿ ಸ್ನಾತಕೋತ್ತರ ಓದು, 1928ರಲ್ಲಿ ಯೇಲ್‌ನಿಂದ ಗಣಿತೀಯ ಭೌತಶಾಸ್ತ್ರದಲ್ಲಿ ಡಾಕ್ಟರೇಟ್. ನಡುವೆ ಬೇಸಿಗೆ ರಜೆಗಳಲ್ಲಿ ಚಿಕಾಗೊ ಬಳಿಯ ಹಾಥಾರ್ನ್ ಎಂಬ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದರು. ಸುಮಾರು 40 ಸಾವಿರ ಜನ ಕೆಲಸ ಮಾಡುತ್ತಿದ್ದ ದೈತ್ಯ ಕಾರ್ಖಾನೆ. ಎಷ್ಟು ತುಂಡು ಮಾಡಿದರೆ ಅಷ್ಟು ಕೂಲಿ. ಮಾಡಿ ಮುಗಿದ ಮೇಲೆ ಪರೀಕ್ಷಕರ ಪಡೆ ಕೂತು ಕೆಟ್ಟದ್ದನ್ನು ಆರಿಸಿ ಎಸೆಯುವುದು. ಕೆಟ್ಟದ್ದನ್ನು ತಯಾರಿಸಲೂ ಕೂಲಿ, ಎಸೆಯಲೂ ಕೂಲಿ!

ಈ ಕಾರ್ಖಾನೆಯ ತಲೆನೋವಿಗೆ ಮದ್ದು ಹುಡುಕಿದವರು ವಾಲ್ಟರ್ ಶೂಹಾರ್ಟ್. ಟೆಲಿಫೋನುಗಳು ಒಂದರಂತೆ ಒಂದು ಇರಬೇಕೆಂದು ಅಲ್ಲಿನ ಎಂಜಿನಿಯರುಗಳು ತುಂಬ ಶ್ರಮಿಸುತ್ತಿದ್ದರು. ಅಳತೆ ಸ್ವಲ್ಪ ಹೆಚ್ಚಾದರೆ ಯಂತ್ರವನ್ನು ಇತ್ತ ತಿರುಗಿಸುವುದು, ಕಡಿಮೆಯಾದರೆ ಅತ್ತ. ಹೀಗೆ ಸರಿಪಡಿಸಿದಷ್ಟೂ ಏರುಪೇರು ಹೆಚ್ಚಾಗುತ್ತಿತ್ತು. ಶೂಹಾರ್ಟ್ ಏರುಪೇರನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ಆ ವ್ಯವಸ್ಥೆಯಲ್ಲೇ ಬೆರೆತಿರುವ ನೂರಾರು ಸಣ್ಣ ಕಾರಣಗಳಿಂದ ದಿನವೂ ಆಗುವ ಸಾಮಾನ್ಯ ಏರುಪೇರು. ಇನ್ನೊಂದು, ಉಪಕರಣ ಮುರಿದಾಗ, ಕಚ್ಚಾವಸ್ತು ಬದಲಾದಾಗ ಬರುವ ವಿಶೇಷ ಏರುಪೇರು. ಯಾವುದು ಯಾವುದೆಂದು ಗುರುತಿಸಲು ಸರಾಸರಿಯ ಮೇಲೊಂದು, ಕೆಳಗೊಂದು ಗೆರೆ ಎಳೆದ ಚಿತ್ರವನ್ನು 1924ರ ಮೇ 16ರಂದು ಒಂದು ಪುಟದ ಟಿಪ್ಪಣಿಯಲ್ಲಿ ಮೇಲಧಿಕಾರಿಗೆ ಕಳಿಸಿದರು. ಕಂಟ್ರೋಲ್ ಚಾರ್ಟ್ ಹುಟ್ಟಿದ್ದು ಹಾಗೆ. ಗೆರೆಗಳ ಒಳಗಿನ ಏರಿಳಿತಕ್ಕೆ ಒಬ್ಬೊಬ್ಬರನ್ನೇ ಹಿಡಿದು ಕಾರಣ ಕೇಳಬೇಡಿ. ಹೊರಗೆ ಬಿದ್ದರೆ ಕೂಡಲೇ ಹೋಗಿ ನೋಡಿ.

ಡೆಮಿಂಗ್ ಮತ್ತು ಶೂಹಾರ್ಟ್ ಹಾಥಾರ್ನ್‌ನಲ್ಲಿ ಭೇಟಿಯಾದರೆಂದು ಹಲವೆಡೆ ಬರೆದಿರುವುದನ್ನು ಓದುತ್ತೇವೆ. ಹಾಗಲ್ಲ. ಡೆಮಿಂಗ್ 1927ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಸೇರಿದ ಮೇಲೆ ಅಲ್ಲಿನ ಸಹೋದ್ಯೋಗಿಯೊಬ್ಬರು ಪರಿಚಯ ಮಾಡಿಸಿದರು. ಅಲ್ಲಿಂದ ಶೂಹಾರ್ಟ್ ಅವರೇ ಗುರು. 1936ರಲ್ಲಿ ಲಂಡನ್ನಿಗೆ ಹೋಗಿ ಫಿಶರ್ ಮತ್ತು ನೇಮನ್ ಅವರಿಂದ ಸಂಖ್ಯಾಶಾಸ್ತ್ರ ಕಲಿತು ಬಂದರು. 1938ರಲ್ಲಿ ಕೃಷಿ ಇಲಾಖೆಯ ಶಾಲೆಗೆ ಗುರುವನ್ನು ಕರೆಸಿ ಉಪನ್ಯಾಸ ಮಾಡಿಸಿ, ಮರುವರ್ಷ ಅದನ್ನು ಪುಸ್ತಕವಾಗಿ ಸಂಪಾದಿಸಿದರು. ಶೂಹಾರ್ಟ್ ಅವರ ಬರವಣಿಗೆ ಕಬ್ಬಿಣದ ಕಡಲೆ. ಅದನ್ನು ನಾಲ್ಕು ಜನಕ್ಕೆ ತಲುಪುವಂತೆ ಮಾಡಿದ್ದೇ ಶಿಷ್ಯ. (ಶೂಹಾರ್ಟ್ 1947–48ರಲ್ಲಿ ಭಾರತಕ್ಕೂ ಬಂದಿದ್ದರು, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೂಲಕ. ಆ ಸಂಸ್ಥೆಯ ಗುಣಮಟ್ಟ ನಿಯಂತ್ರಣ ವಿಭಾಗ ಬೆಂಗಳೂರಿನಲ್ಲೂ ಇದೆ.)

1939ರಲ್ಲಿ ಡೆಮಿಂಗ್ ಜನಗಣತಿ ಇಲಾಖೆಗೆ ಹೋದರು. 1940ರ ಗಣತಿಯಲ್ಲಿ ಕೆಲವು ಪ್ರಶ್ನೆಗಳನ್ನು ಎಲ್ಲರಿಗೂ ಕೇಳದೆ ನೂರಕ್ಕೆ ಐದು ಜನಕ್ಕೆ ಮಾತ್ರ ಕೇಳಲಾಯಿತು. ಅಮೆರಿಕದ ಗಣತಿಯಲ್ಲಿ ಮಾದರಿ ಸಮೀಕ್ಷೆ ಬಳಸಿದ್ದು ಅದೇ ಮೊದಲು. ನಮಗೆ ಇದಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಕಾರ್ಡ್ ಪಂಚ್ ಮಾಡುವ ಕೋಣೆಯಲ್ಲಿ ನಡೆದದ್ದು. ಗಣತಿಯ ಉತ್ತರಗಳನ್ನು ರಂಧ್ರಗಳಾಗಿ ಕಾರ್ಡಿಗೆ ಇಳಿಸುವವರ ಕೆಲಸವನ್ನು ಇನ್ನೊಬ್ಬರು ಪೂರ್ತಿ ಮತ್ತೆ ಪರೀಕ್ಷಿಸುವುದು ಹಳೆಯ ಪದ್ಧತಿ. ಯಾರ ತಪ್ಪುಗಳು ಕಡಿಮೆ ಇದ್ದು ಒಂದೇ ಮಟ್ಟದಲ್ಲಿ ನಿಂತಿವೆಯೋ ಅವರ ಕಾರ್ಡುಗಳಲ್ಲಿ ಒಂದು ಭಾಗವನ್ನು ಮಾತ್ರ ನೋಡಿದರೆ ಸಾಕೆಂದು ಡೆಮಿಂಗ್ ತೋರಿಸಿದರು. ಕಾರ್ಖಾನೆಗೆಂದು ಹುಟ್ಟಿದ ಚಾರ್ಟ್ ಮೇಜಿನ ಮುಂದೆ ಕೂತು ಮಾಡುವ ಕೆಲಸಕ್ಕೂ ಹೊಂದುತ್ತದೆ ಎನ್ನುವುದು ಅಲ್ಲಿ ಕಂಡಿತು.

ಎರಡನೆಯ ಮಹಾಯುದ್ಧ ಬಂದಾಗ 1942ರಿಂದ ಸಾವಿರಾರು ಎಂಜಿನಿಯರುಗಳಿಗೆ ಈ ವಿದ್ಯೆ ಕಲಿಸಲಾಯಿತು, ಯುದ್ಧ ಸಾಮಗ್ರಿಯ ಕಾರ್ಖಾನೆಗಳು ಬಳಸಿದವು. ಯುದ್ಧ ಮುಗಿದದ್ದೇ ತಡ, ಚಾರ್ಟುಗಳು ಗೋಡೆಯಿಂದ ಇಳಿದವು. ಯುರೋಪ್, ಜಪಾನ್‌ಗಳ ಕಾರ್ಖಾನೆಗಳು ನೆಲಸಮವಾಗಿದ್ದವು. ಅಮೆರಿಕ ಏನು ಮಾಡಿದರೂ ಮಾರಾಟವಾಗುತ್ತಿದ್ದಾಗ ಗುಣಮಟ್ಟ ಯಾರಿಗೆ ಬೇಕು? ಡೆಮಿಂಗ್ ಇದರಿಂದ ಒಂದು ಪಾಠ ಕಲಿತರು. ತಾವು ಕಲಿಸಿದ್ದು ಎಂಜಿನಿಯರುಗಳಿಗೆ, ಯಜಮಾನರಿಗೆ ಅಲ್ಲ. ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ಇದ್ದವರಿಗೆ ವಿಷಯವೇ ಗೊತ್ತಿರಲಿಲ್ಲ.

ಜಪಾನ್‌ನಲ್ಲಿ ನಡೆದದ್ದೇನು?

1947ರಲ್ಲಿ ಅಮೆರಿಕದ ಆಡಳಿತದಲ್ಲಿದ್ದ ಜಪಾನ್‌ಗೆ ಡೆಮಿಂಗ್ ಹೋದದ್ದು ಜನಗಣತಿಯ ಸಿದ್ಧತೆಗೆ ನೆರವಾಗಲು. ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸ್ನೇಹ ಬೆಳೆಯಿತು. ಜಪಾನ್ ವಿಜ್ಞಾನಿಗಳು ಮತ್ತು ಎಂಜಿನಿಯರುಗಳ ಒಕ್ಕೂಟವು ಪಾಠ ಮಾಡಲು ಕರೆದಾಗ 1950ರ ಬೇಸಿಗೆಯಲ್ಲಿ ಮತ್ತೆ ಹೋದರು. ಟೋಕಿಯೊದಲ್ಲಿ ಎಂಟು ದಿನಗಳ ಶಿಬಿರಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಂದರು. ಆದರೆ ಅಮೆರಿಕದ ಅನುಭವ ಮರೆಯದ ಅವರಿಗೆ ಕಂಪನಿಗಳ ಮುಖ್ಯಸ್ಥರೇ ಬೇಕಿತ್ತು. ಒಕ್ಕೂಟದ ಅಧ್ಯಕ್ಷ ಇಚಿರೊ ಇಶಿಕಾವಾ ಉದ್ಯಮಿಗಳ ಸಂಘಕ್ಕೂ ಮುಖ್ಯಸ್ಥರು. ಅವರು ಕರೆದರೆ ಬಾರದವರಿಲ್ಲ. ಜುಲೈ 13ರ ಸಂಜೆ ಜಪಾನ್‌ನ ಸುಮಾರು 20 ಘಟಾನುಘಟಿ ಉದ್ಯಮಿಗಳು ಡೆಮಿಂಗ್ ಎದುರು ಕೂತರು.

ಅಂದಿಗೆ ಜಪಾನ್ ಮಾಲು ಎಂದರೆ ಅಗ್ಗದ, ಬೇಗ ಕೆಡುವ ಮಾಲು ಎಂದೇ ಹೊರದೇಶಗಳಲ್ಲಿ ಹೆಸರು. ಕಚ್ಚಾವಸ್ತು ಪೂರೈಸುವವರಿಂದ ಹಿಡಿದು ಗಿರಾಕಿಯವರೆಗೆ ಎಲ್ಲವೂ ಒಂದೇ ವ್ಯವಸ್ಥೆ ಎಂದು ಡೆಮಿಂಗ್ ಚಿತ್ರ ಬರೆದು ತೋರಿಸಿದರು. ವಿನ್ಯಾಸ ಮಾಡಿ, ತಯಾರಿಸಿ, ಮಾರಿ, ಗಿರಾಕಿಯ ಕೈಯಲ್ಲಿ ಅದು ಹೇಗೆ ನಡೆಯುತ್ತಿದೆ ನೋಡಿ, ಮತ್ತೆ ವಿನ್ಯಾಸಕ್ಕೆ ಬನ್ನಿ ಎಂದು ಒಂದು ಚಕ್ರವನ್ನೂ ತೋರಿಸಿದರು. ಇದನ್ನು ಜಪಾನಿಯರು ತಮ್ಮ ರೀತಿಯಲ್ಲಿ ಬದಲಿಸಿಕೊಂಡು ಯೋಜಿಸು, ಮಾಡು, ಪರಿಶೀಲಿಸು, ಕ್ರಮ ಕೈಗೊಳ್ಳು ಎಂಬ ನಾಲ್ಕು ಹೆಜ್ಜೆ ಮಾಡಿಕೊಂಡರು. ಇಂಗ್ಲಿಷಿನಲ್ಲಿ ಅದೇ ಪಿಡಿಸಿಎ. ಅಂದರೆ ಡೆಮಿಂಗ್ ಹೆಸರಲ್ಲಿ ಓಡಾಡುವ ಈ ಚಕ್ರ ಡೆಮಿಂಗ್ ಮಾಡಿದ್ದಲ್ಲ. ಅವರು ಕೊನೆಯವರೆಗೂ ಅದನ್ನು ಶೂಹಾರ್ಟ್ ಚಕ್ರ ಎಂದೇ ಕರೆದರು, ಪಿಡಿಸಿಎ ತಮ್ಮದಲ್ಲ ಎಂದೂ ಹೇಳಿದರು. ಮೂರನೆಯ ಹೆಜ್ಜೆ ಪರಿಶೀಲನೆ ಅಲ್ಲ, ಅಧ್ಯಯನ ಎನ್ನುವುದು ಅವರ ಪಟ್ಟು. ಸಣ್ಣ ಮಾತಿನಂತೆ ಕಾಣುತ್ತದೆ, ಆದರೆ ಪರಿಶೀಲನೆ ಎಂದರೆ ಆಗಿದೆಯೋ ಇಲ್ಲವೋ ಎಂದು ಟಿಕ್ ಹಾಕುವುದು. ಅಧ್ಯಯನ ಎಂದರೆ ಏನಾಗುತ್ತದೆಂದು ಮೊದಲೇ ಊಹಿಸಿ, ಆದದ್ದರ ಜೊತೆ ಹೋಲಿಸಿ, ಊಹೆ ಯಾಕೆ ತಪ್ಪಿತು ಎಂದು ಕಲಿಯುವುದು.

ಇನ್ನೊಂದು ದಂತಕಥೆಯನ್ನೂ ಇಲ್ಲೇ ಮುಗಿಸೋಣ. ಜಪಾನ್‌ಗೆ ಗುಣಮಟ್ಟ ಕಲಿಸಿದ್ದು ಡೆಮಿಂಗ್ ಒಬ್ಬರೇ ಎನ್ನುವುದು. ಅವರಿಗಿಂತ ಮೊದಲೇ ಅಮೆರಿಕನ್ ಸೇನೆಯ ಎಂಜಿನಿಯರುಗಳು ಅಲ್ಲಿನ ರೇಡಿಯೊ, ಟೆಲಿಫೋನ್ ತಯಾರಕರಿಗೆ ತರಬೇತಿ ಕೊಟ್ಟಿದ್ದರು. 1954ರಲ್ಲಿ ಜೋಸೆಫ್ ಜುರಾನ್ ಬಂದು ಮಧ್ಯಮ ಹಂತದ ವ್ಯವಸ್ಥಾಪಕರಿಗೆ ಪಾಠ ಮಾಡಿದರು. 1962ರಿಂದ ಕಾರ್ಮಿಕರೇ ಕೂತು ಸಮಸ್ಯೆ ಬಿಡಿಸುವ ಗುಣಮಟ್ಟ ವೃತ್ತಗಳನ್ನು ಬೆಳೆಸಿದವರು ಕವೊರು ಇಶಿಕಾವಾ, ಇಚಿರೊ ಅವರ ಮಗ. ಹಗಲಿರುಳು ದುಡಿದವರಂತೂ ಜಪಾನಿಯರೇ. ಆದರೂ ಅವರು ಡೆಮಿಂಗ್ ಅವರನ್ನು ಮರೆಯಲಿಲ್ಲ. ಉಪನ್ಯಾಸಗಳ ಪುಸ್ತಕದ ಗೌರವಧನ ತಮಗೆ ಬೇಡವೆಂದು ಅವರು ಬಿಟ್ಟುಕೊಟ್ಟ ಹಣದಿಂದ 1951ರಲ್ಲಿ ಡೆಮಿಂಗ್ ಪ್ರಶಸ್ತಿ ಶುರುವಾಯಿತು. 1960ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಪದಕ ಬಂತು. ನಮ್ಮ ಹೊಸೂರಿನ ಟಿವಿಎಸ್ ಮೋಟಾರ್ ಕೂಡ 2002ರಲ್ಲಿ ಈ ಪ್ರಶಸ್ತಿ ಪಡೆದಿದೆ.

ತವರಿನಲ್ಲಿ ಮಾತ್ರ ಅವರು ಯಾರಿಗೂ ಬೇಡವಾಗಿದ್ದರು. ವಾಷಿಂಗ್ಟನ್ನಿನ ಸಾಧಾರಣ ಮನೆಯ ನೆಲಮಾಳಿಗೆಯೇ ಕಚೇರಿ. ಸಾಗಣೆ ಕಂಪನಿಗಳಿಗೆ ಸಮೀಕ್ಷೆ ಮಾಡಿಕೊಡುತ್ತ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತ, ಬಿಡುವಿನಲ್ಲಿ ಚರ್ಚ್ ಸಂಗೀತ ರಚಿಸುತ್ತ ಮೂವತ್ತು ವರ್ಷ ಕಳೆಯಿತು. 1980ರ ಜೂನ್ 24ರಂದು ಎನ್‌ಬಿಸಿ ವಾಹಿನಿ, ಜಪಾನ್‌ಗೆ ಆಗುವುದು ನಮಗೇಕೆ ಆಗದು ಎಂದು ಕೇಳುವ ಸಾಕ್ಷ್ಯಚಿತ್ರ ತೋರಿಸಿತು. ಅದರ ಕೊನೆಯ ಭಾಗದಲ್ಲಿ 79 ವರ್ಷದ ಈ ಮುದುಕರು ಕಾಣಿಸಿಕೊಂಡರು. ಮರುದಿನದಿಂದ ಅವರ ಮನೆಯ ಟೆಲಿಫೋನ್ ಬಡಿದುಕೊಳ್ಳತೊಡಗಿತು.

ಕರೆದವರಲ್ಲಿ ಫೋರ್ಡ್ ಒಂದು. 1980ರಿಂದ 1982ರ ಮೂರು ವರ್ಷಗಳಲ್ಲಿ 300 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡ ಕಂಪನಿ. ಕಾರಿನ ಗುಣಮಟ್ಟದ ಬಗ್ಗೆ ಹೇಳುತ್ತಾರೆಂದು ಕಾದಿದ್ದ ಅಧಿಕಾರಿಗಳಿಗೆ ಡೆಮಿಂಗ್ ಅವರ ಆಡಳಿತದ ಬಗ್ಗೆಯೇ ಪ್ರಶ್ನೆ ಹಾಕಿದರು. 1986ರಲ್ಲಿ ಫೋರ್ಡ್ ಲಾಭ ಜನರಲ್ ಮೋಟಾರ್ಸ್‌ನ ಲಾಭವನ್ನು ದಾಟಿತು, 1920ರ ದಶಕದ ನಂತರ ಮೊದಲ ಸಲ. ಹೊಸ ಕಾರು ಮಾದರಿಗಳ ಯಶಸ್ಸೂ ಅದರಲ್ಲಿ ಸೇರಿದೆ, ಎಲ್ಲವನ್ನೂ ಡೆಮಿಂಗ್ ಖಾತೆಗೆ ಬರೆಯುವುದು ಅವರ ಪಾಠಕ್ಕೇ ವಿರುದ್ಧ.

ಭಯ ತೊಲಗಿಸಿ, ಘೋಷಣೆಗಳನ್ನು ಕಿತ್ತುಹಾಕಿ, ಸಂಖ್ಯೆಯ ಗುರಿಗಳನ್ನು ಬಿಡಿ, ವರ್ಷಕ್ಕೊಮ್ಮೆ ನೌಕರರಿಗೆ ಅಂಕ ಹಾಕಿ ಸಾಲಾಗಿ ನಿಲ್ಲಿಸುವುದನ್ನು ನಿಲ್ಲಿಸಿ ಎನ್ನುವುದು ಅವರ ಹದಿನಾಲ್ಕು ಅಂಶಗಳ ಸಾರದಲ್ಲಿ ಒಂದು ಪಾಲು. ತೊಂದರೆಗಳಲ್ಲಿ ನೂರಕ್ಕೆ 94 ವ್ಯವಸ್ಥೆಯಿಂದ ಬಂದವು ಎಂದೂ ಬರೆದರು. ಈ 94ನ್ನು ಈಗ ವೈಜ್ಞಾನಿಕ ಸತ್ಯದಂತೆ ಹಂಚುತ್ತಾರೆ. ಅದು ಅಳೆದು ಕಂಡ ಸಂಖ್ಯೆಯಲ್ಲ, ಅನುಭವದಿಂದ ಮಾಡಿದ ಅಂದಾಜು. ಅವರೂ ಹಾಗೇ ಬರೆದಿದ್ದರು.

ಸ್ಕ್ರಂ ತಂಡಕ್ಕೂ ಇದಕ್ಕೂ ಏನು ಸಂಬಂಧ?

1986ರಲ್ಲಿ ಜಪಾನ್‌ನ ಇಬ್ಬರು ಪ್ರಾಧ್ಯಾಪಕರು, ತಾಕೆಯುಚಿ ಮತ್ತು ನೊನಾಕಾ, ಹೊಸ ಉತ್ಪನ್ನಗಳನ್ನು ಬೇಗ ತರುವ ಕಂಪನಿಗಳ ಬಗ್ಗೆ ಲೇಖನ ಬರೆದರು. ತಂಡ ಇಡಿಯಾಗಿ ಮುನ್ನುಗ್ಗುವುದನ್ನು ರಗ್ಬಿ ಆಟಕ್ಕೆ ಹೋಲಿಸಿ ಸ್ಕ್ರಂ ಎಂಬ ಪದ ಬಳಸಿದರು. 1993ರಲ್ಲಿ ಜೆಫ್ ಸದರ್ಲ್ಯಾಂಡ್ ಅಮೆರಿಕದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅದೇ ಹೆಸರಿನ ಪದ್ಧತಿ ಶುರುಮಾಡಿದರು, ಮುಂದೆ ಕೆನ್ ಶ್ವೇಬರ್ ಜೊತೆಗೂಡಿ ಅದಕ್ಕೆ ರೂಪ ಕೊಟ್ಟರು. ಡೆಮಿಂಗ್ ಜಪಾನ್‌ಗೆ ಕೊಟ್ಟ ಚಕ್ರ ಸ್ಕ್ರಂನ ಬೇರುಗಳಲ್ಲಿ ಒಂದೆಂದು ಸದರ್ಲ್ಯಾಂಡ್ ತಮ್ಮ ಪುಸ್ತಕದಲ್ಲಿ ಹೇಳುತ್ತಾರೆ. ಎರಡು ವಾರದ ಅಥವಾ ಹೆಚ್ಚೆಂದರೆ ಒಂದು ತಿಂಗಳ ಸ್ಪ್ರಿಂಟ್, ಅದರ ಕೊನೆಗೆ ತಂಡ ಕೂತು ನಮ್ಮ ಕೆಲಸದ ರೀತಿಯಲ್ಲಿ ಏನು ಬದಲಿಸೋಣ ಎಂದು ಮಾತಾಡುವ ರೆಟ್ರೊಸ್ಪೆಕ್ಟಿವ್. ಚಕ್ರ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ಆದರೆ ಚಕ್ರ ಬಂದಷ್ಟು ಸುಲಭವಾಗಿ ಚಾರ್ಟ್ ಬರಲಿಲ್ಲ. ಒಂದು ಕಾಲ್ಪನಿಕ ತಂಡ ತೆಗೆದುಕೊಳ್ಳೋಣ. ಎಂಟು ಸ್ಪ್ರಿಂಟ್‌ಗಳಲ್ಲಿ ಮುಗಿಸಿದ ಸ್ಟೋರಿ ಪಾಯಿಂಟ್‌ಗಳು: 21, 27, 19, 25, 23, 29, 20, 24. ಮೂರನೆಯ ಸ್ಪ್ರಿಂಟ್‌ನಲ್ಲಿ 27ರಿಂದ 19ಕ್ಕೆ ಬಿದ್ದಾಗ ಮ್ಯಾನೇಜರ್ ಸಭೆ ಕರೆಯುತ್ತಾರೆ. 25 ಆದಾಗ ಸಭೆ ಫಲಿಸಿತೆನ್ನುತ್ತಾರೆ. 29 ಆದಾಗ ಕೇಕ್ ಕತ್ತರಿಸುತ್ತಾರೆ, 20 ಆದಾಗ ಯಾರು ಸಡಿಲಬಿಟ್ಟರೆಂದು ಹುಡುಕುತ್ತಾರೆ. ಈಗ ಚಾರ್ಟ್ ಹಾಕೋಣ. ಸರಾಸರಿ 23.5. ಪಕ್ಕಪಕ್ಕದ ಸಂಖ್ಯೆಗಳ ಅಂತರ 6, 8, 6, 2, 6, 9, 4. ಅಂತರಗಳ ಸರಾಸರಿ 5.86. ಅದನ್ನು 2.66ರಿಂದ ಗುಣಿಸಿದರೆ 15.6. ಇದನ್ನು 23.5ಕ್ಕೆ ಕೂಡಿಸಿ, ಕಳೆದರೆ ಮೇಲಿನ ಗೆರೆ 39, ಕೆಳಗಿನ ಗೆರೆ 8. ಎಂಟು ಸಂಖ್ಯೆ ಸ್ವಲ್ಪ ಕಡಿಮೆಯೇ, ಆದರೂ ಯಾವುದೂ ಗೆರೆಗಳ ಹತ್ತಿರವೂ ಇಲ್ಲ. ಸಭೆ, ಕೇಕ್, ಹುಡುಕಾಟ ಎಲ್ಲವೂ ಕೆಂಪು ಮಣಿಗಳಿಗಾಗಿ ನಡೆದವು. ಅಂದಹಾಗೆ, ಸ್ಕ್ರಂನ ಅಧಿಕೃತ ಮಾರ್ಗದರ್ಶಿಯಲ್ಲಿ ಸ್ಟೋರಿ ಪಾಯಿಂಟ್ ಎಂಬ ಮಾತೇ ಇಲ್ಲ. ಪಾಯಿಂಟ್‌ಗಳಿಗೆ ಗುರಿ ಕೊಟ್ಟರೆ ತಂಡ ಅಂದಾಜನ್ನೇ ಉಬ್ಬಿಸಿ ಗುರಿ ಮುಟ್ಟುತ್ತದೆ. ಭಯವಿದ್ದಲ್ಲಿ ಸಂಖ್ಯೆಗಳು ಸುಳ್ಳಾಗುತ್ತವೆಂದು ಡೆಮಿಂಗ್ ಎಚ್ಚರಿಸಿದ್ದು ಇದನ್ನೇ.

ಇದಕ್ಕಿಂತ ನಯವಾದ ಅಪಾಯ ಇನ್ನೊಂದಿದೆ. ಒಳ್ಳೆಯ ಮನಸ್ಸಿನ ತಂಡಗಳೂ ಇದರಲ್ಲಿ ಬೀಳುತ್ತವೆ. ಸುಧಾರಣೆ ನಿರಂತರವಾಗಿರಬೇಕು ಎಂದರೆ ಬದಲಾವಣೆ ನಿರಂತರವಾಗಿರಬೇಕು ಎಂದು ತಿಳಿಯುವುದು. ಇದಕ್ಕೆ ಡೆಮಿಂಗ್ ಬಳಿ ಬೇರೆ ಆಟವಿತ್ತು. ಎಣ್ಣೆ ಸುರಿಯುವ ಆಲಿಕೆಯೊಂದನ್ನು ಮೇಜಿನ ಮೇಲಿನ ಗುರುತಿಗೆ ನೇರ ನಿಲ್ಲಿಸಿ ಗೋಲಿ ಬಿಡುವುದು. ಗೋಲಿ ಉರುಳಿ ಗುರುತಿನ ಆಚೀಚೆ ನಿಲ್ಲುತ್ತದೆ. ಆಲಿಕೆ ಮುಟ್ಟದೆ 50 ಸಲ ಬಿಟ್ಟರೆ ಗುರುತಿನ ಸುತ್ತ ಒಂದು ಚದುರು. ಎಡಕ್ಕೆ ಎರಡು ಇಂಚು ತಪ್ಪಿದಾಗ ಆಲಿಕೆಯನ್ನು ಬಲಕ್ಕೆ ಎರಡು ಇಂಚು ಸರಿಸುತ್ತ, ಪ್ರತಿ ಸಲ ತಪ್ಪನ್ನು ತಿದ್ದುತ್ತ ಹೋದರೆ ಗೋಲಿಗಳು ಇನ್ನಷ್ಟು ದೂರ ಚದುರುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಚದುರಿಕೆಯ ಅಳತೆಯಾದ ವ್ಯತ್ಯಯ ಸರಿಯಾಗಿ ಎರಡು ಪಟ್ಟಾಗುತ್ತದೆ. ಹಾಥಾರ್ನ್ ಎಂಜಿನಿಯರುಗಳು ಮಾಡಿದ್ದೂ ಇದೇ. ಪ್ರತಿ ರೆಟ್ರೊಸ್ಪೆಕ್ಟಿವ್‌ನಲ್ಲೂ ಹಿಂದಿನ ಸ್ಪ್ರಿಂಟ್‌ನ ಒಂದು ಸಂಖ್ಯೆ ನೋಡಿ ನಿಯಮ ಬದಲಿಸುವ ತಂಡ ಆಲಿಕೆ ಸರಿಸುತ್ತಿರುತ್ತದೆ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ಆಲಿಕೆಯನ್ನು ಕೆಳಗಿಳಿಸಬಹುದು, ಗೋಲಿ ಉರುಳದಂತೆ ಬಟ್ಟೆ ಹಾಸಬಹುದು. ಮಣಿಗಳ ಆಟದಲ್ಲಿ ಡಬ್ಬಿಗೆ ಕೆಂಪು ಮಣಿ ಪೂರೈಸುವವರ ಜೊತೆ ಮಾತಾಡಬಹುದು. ತಂಡದ ಮಟ್ಟಿಗೆ ಅದು ಪರೀಕ್ಷೆಗೆ ಬೇಕಾದ ಸರ್ವರ್‌ಗಾಗಿ ಮೂರು ದಿನ ಕಾಯುವುದು ಇರಬಹುದು, ಸ್ಪ್ರಿಂಟ್ ನಡುವೆ ಬಂದು ಬೀಳುವ ತುರ್ತು ಕೆಲಸ ಇರಬಹುದು. ಒಂದು ಬದಲಾವಣೆ ಆರಿಸಿ, ಅದರಿಂದ ಏನು ಎಷ್ಟಾಗುತ್ತದೆಂದು ಮೊದಲೇ ಬರೆದಿಟ್ಟು, ಕೆಲವು ಸ್ಪ್ರಿಂಟ್ ಕಾದು ನೋಡುವುದು. ಸಾಫ್ಟ್‌ವೇರ್ ಮಣಿಗಳಷ್ಟು ಸರಳವಲ್ಲ, ಪ್ರತಿ ಕೆಲಸವೂ ಬೇರೆ ಎನ್ನುವ ಆಕ್ಷೇಪ ಸರಿಯೇ. ಮಣಿಗಳೂ ಅಷ್ಟು ಸರಳವಾಗಿರಲಿಲ್ಲ. ಡೆಮಿಂಗ್ ವರ್ಷಗಟ್ಟಲೆ ಆಟ ಆಡಿಸಿ ಲೆಕ್ಕ ಇಟ್ಟಾಗ ಸರಾಸರಿ 10ಕ್ಕೆ ನಿಲ್ಲಲಿಲ್ಲ, ಹಲಗೆ ಬದಲಾದಂತೆ ಅದೂ ಬದಲಾಯಿತು. ಕೆಂಪು ಬಣ್ಣ ಬಳಿದ ಮಣಿ ಮತ್ತು ಬಿಳಿ ಮಣಿ ಹಲಗೆಯ ಗುಳಿಗೆ ಒಂದೇ ರೀತಿ ಕೂರುವುದಿಲ್ಲ. ಪುಸ್ತಕದ ಲೆಕ್ಕ ನಂಬಿ ಕೂರಬೇಡಿ, ನಿಮ್ಮ ಡಬ್ಬಿಯನ್ನೇ ಅಳೆಯಿರಿ ಎನ್ನಲು ಅವರು ಇದನ್ನೂ ಪಾಠಕ್ಕೆ ಸೇರಿಸಿಕೊಂಡರು.

ನಾಲ್ಕು ದಿನಗಳ ಅವರ ಶಿಬಿರಗಳು ಬದುಕಿನ ಕೊನೆಯ ತಿಂಗಳವರೆಗೂ ನಡೆದವು. 1993ರ ಡಿಸೆಂಬರ್ 20ರಂದು ವಾಷಿಂಗ್ಟನ್ನಿನ ಮನೆಯಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ. ಮೊದಲ ಸ್ಕ್ರಂ ತಂಡ ಕೆಲಸ ಶುರುಮಾಡಿದ್ದೂ ಅದೇ ವರ್ಷ.